ಕುಲುಮೆಯಿಂದ ಓಡಿಹೋಗದ ಬೋರಾನ್

ಅಕ್ಕಸಾಲಿಗರ ಅಂಗಡಿಯಲ್ಲಿ ಕೂತು ಬೆಸುಗೆ ಹಾಕುವುದನ್ನು ನೋಡಿದವರಿಗೆ ಬಿಳಿಗಾರ ಗೊತ್ತಿರುತ್ತದೆ. ಸರದ ಕೊಂಡಿ ತುಂಡಾದ ಕಡೆ ಚಿಟಿಕೆ ಬಿಳಿಗಾರ ಇಟ್ಟು ಊದುಗೊಳವೆಯಿಂದ ಉರಿ ಹಾಯಿಸಿದರೆ ಅದು ಮೊದಲು ಮಂಡಕ್ಕಿಯ ಹಾಗೆ ಅರಳುತ್ತದೆ, ಆಮೇಲೆ ಕುಸಿದು ಗಾಜಿನಂಥ ಹನಿಯಾಗುತ್ತದೆ. ಆ ಹನಿ ಲೋಹದ ಮೇಲಿನ ಕಿಲುಬನ್ನು ತನ್ನೊಳಗೆ ಕರಗಿಸಿಕೊಂಡು ಬೆಸುಗೆ ಸರಾಗವಾಗಿ ಹರಿಯಲು ದಾರಿ ಮಾಡುತ್ತದೆ. ಅರಳಿದ್ದು ಒಳಗಿದ್ದ ನೀರು ಆವಿಯಾಗಿ ಹೊರಬಿದ್ದಿದ್ದರಿಂದ. ಗಾಜಾದದ್ದು ಬೋರಾನ್ ಎಂಬ ಮೂಲವಸ್ತುವಿನ ಗುಣದಿಂದ. ಬಿಳಿಗಾರ ಎಂದರೆ ಸೋಡಿಯಂ, ಬೋರಾನ್, ಆಮ್ಲಜನಕ ಮತ್ತು ಬೇಕಾದಷ್ಟು ನೀರು ಸೇರಿದ ಲವಣ. ಕೇರಂ ಬೋರ್ಡಿನ ಮೇಲೆ ಉದುರಿಸುವ ಬೋರಿಕ್ ಪೌಡರ್ ಕೂಡ ಇದೇ ಬೋರಾನಿನ ಇನ್ನೊಂದು ರೂಪ.

ನಮ್ಮ ಕಾಲ ಕೆಳಗೆ ಇಪ್ಪತ್ತು, ಮೂವತ್ತು ಕಿಲೋಮೀಟರ್ ಆಳದಲ್ಲಿ, 800 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕಲ್ಲುಗಳು ಬೇಯುವಾಗಲೂ ಬೋರಾನ್ ಇದೇ ಸ್ವಭಾವ ತೋರಿಸುತ್ತದೆ. ನೀರು ಹೊರಟರೆ ಅದರ ಬೆನ್ನು ಹಿಡಿದು ಹೋಗುತ್ತದೆ. ಕಲ್ಲು ಕರಗಲು ಶುರುವಾದರೆ ಕರಗಿದ ಪಾಕಕ್ಕೆ ಸೇರಿಕೊಂಡು ಮೇಲೇರುತ್ತದೆ. ಹೀಗಾಗಿ ಚೆನ್ನಾಗಿ ಬೆಂದ ಕಲ್ಲಿನಲ್ಲಿ ಬೋರಾನ್ ಇರಲೇಬಾರದು. ಬಹುತೇಕ ಕಡೆ ಇರುವುದೂ ಇಲ್ಲ. ಆದರೆ ಗ್ರೀನ್‌ಲ್ಯಾಂಡ್, ಮಡಗಾಸ್ಕರ್, ಶ್ರೀಲಂಕಾ, ದಕ್ಷಿಣ ಭಾರತ, ನಾರ್ವೆ, ಅಂಟಾರ್ಕ್ಟಿಕಾದ ಕೆಲವೇ ಕೆಲವು ಬಂಡೆಗಳಲ್ಲಿ ಅದು ಓಡಿಹೋಗದೆ ಉಳಿದುಕೊಂಡಿದೆ. ಉಳಿದಲ್ಲಿ ಪ್ರಿಸ್ಮಟೈನ್, ಕಾರ್ನೆರುಪೈನ್, ಗ್ರ್ಯಾಂಡಿಡಿಯರೈಟ್, ವರ್ಡಿಂಗೈಟ್, ಬೊರಾಲ್ಸಿಲೈಟ್ ಎಂಬ, ಭೂವಿಜ್ಞಾನ ಓದಿದವರೂ ಎಷ್ಟೋ ಜನ ಕಣ್ಣಾರೆ ಕಾಣದ ಖನಿಜಗಳು ಹುಟ್ಟಿವೆ. ಬೋರಾನ್ ಕಡಿಮೆ ಇರುವುದರಿಂದ ಇವು ಅಪರೂಪ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಮಾತು ಮಾತ್ರ. ಇವು ಅಪರೂಪವಾಗಿರಲು ಮುಖ್ಯ ಕಾರಣ ಬೋರಾನಿನ ಓಟ. ಆ ಓಟ ಎಲ್ಲಿ ಶುರುವಾಗುತ್ತದೆ, ಎಲ್ಲಿ ತಡೆ ಬೀಳುತ್ತದೆ ಎಂದು ಹಿಂಬಾಲಿಸಿದರೆ ಈ ಖನಿಜಗಳ ಹುಟ್ಟು ತಾನಾಗಿ ಅರ್ಥವಾಗುತ್ತದೆ.

ಮೊದಲು ಬೋರಾನ್ ಎಷ್ಟಿದೆ ಎಂಬುದನ್ನೇ ನೋಡೋಣ. ಇಂಗಾಲ, ಆಮ್ಲಜನಕ, ಕಬ್ಬಿಣ ಎಲ್ಲ ನಕ್ಷತ್ರಗಳ ಒಡಲಲ್ಲಿ ತಯಾರಾದವು. ಬೋರಾನ್ ಹಾಗಲ್ಲ. ನಕ್ಷತ್ರದ ಬಿಸಿಯಲ್ಲಿ ಅದು ಬಾಳುವುದಿಲ್ಲ. ವಿಶ್ವಕಿರಣಗಳು ಅಂತರಿಕ್ಷದಲ್ಲಿ ತೇಲುವ ಇಂಗಾಲ, ಆಮ್ಲಜನಕದ ಪರಮಾಣುಗಳಿಗೆ ಬಡಿದು ಒಡೆದಾಗ ಸಿಡಿದ ಚೂರುಗಳೇ ಬಹುಪಾಲು ಬೋರಾನ್ ಆದವು. ಹಾಗಾಗಿ ಹುಟ್ಟಿನಿಂದಲೇ ಕೊರತೆ. ಭೂಮಿಯ ಒಳಗಿನ ಮ್ಯಾಂಟಲ್ ಪದರದ ಒಂದು ಟನ್ ಕಲ್ಲಿನಲ್ಲಿ ಬೋರಾನ್ ಸುಮಾರು ಕಾಲು ಗ್ರಾಂ. ಆದರೆ ನಾವು ನಿಂತಿರುವ ಖಂಡಗಳ ಮೇಲ್ಭಾಗದ ತೊಗಟೆಯಲ್ಲಿ ಟನ್ನಿಗೆ ಸುಮಾರು 17 ಗ್ರಾಂ, ಸಮುದ್ರದಡಿ ಕೂತ ಜೇಡಿಮಣ್ಣು ಗಟ್ಟಿಯಾಗಿ ಆದ ಕಲ್ಲಿನಲ್ಲಿ ನೂರು ಗ್ರಾಮಿನ ಆಸುಪಾಸು. ಅದೇ ಖಂಡದ ತೊಗಟೆಯ ತಳಭಾಗಕ್ಕೆ ಇಳಿದರೆ ಮತ್ತೆ ಟನ್ನಿಗೆ 2 ಗ್ರಾಂ ಮಾತ್ರ. ಮೇಲೆ 17, ಕೆಳಗೆ 2. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮಾತಾಡುವ ಅಂಕಿಗಳು ಇವೆರಡೇ. ತಳದ ಕಲ್ಲುಗಳಲ್ಲಿ ಎಷ್ಟೋ ಭಾಗ ಒಂದು ಕಾಲಕ್ಕೆ ಮೇಲಿದ್ದ ಕೆಸರು, ಮರಳುಗಳೇ. ಇಳಿದು ಬೇಯುವ ದಾರಿಯಲ್ಲಿ ಅವು ತಮ್ಮ ಬೋರಾನ್ ಕಳೆದುಕೊಂಡಿವೆ.

ಏಕೆ ಕಳೆದುಕೊಳ್ಳುತ್ತವೆ? ಬೋರಾನಿನ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣು, ತೀರ ಚಿಕ್ಕದು. ಮೆಗ್ನೀಷಿಯಂ, ಕಬ್ಬಿಣ, ಕ್ಯಾಲ್ಸಿಯಂಗಳು ಕೂರುವ ಜಾಗದಲ್ಲಿ ಅದು ನಿಲ್ಲಲಾರದು. ಸಿಲಿಕಾನಿನ ಜಾಗದಲ್ಲಿ ಕೂರಬಹುದು, ಆದರೆ ಅಲ್ಲೂ ಸರಿಯಾಗಿ ಹೊಂದಿಕೊಳ್ಳುವುದಿಲ್ಲ. ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಗಾರ್ನೆಟ್‌ನಂಥ ಸಾಮಾನ್ಯ ಖನಿಜಗಳ ಮನೆಯಲ್ಲಿ ಬೋರಾನಿಗೆ ಕೋಣೆಯಿಲ್ಲ. ನೀರು ಮಾತ್ರ ಅದನ್ನು ಕೈಬೀಸಿ ಕರೆಯುತ್ತದೆ. ಸಮುದ್ರದ ನೀರಲ್ಲೇ ಟನ್ನಿಗೆ ಸುಮಾರು ನಾಲ್ಕೂವರೆ ಗ್ರಾಂ ಬೋರಾನ್ ಕರಗಿದೆ.

ಈ ಸಮುದ್ರದ ಬೋರಾನ್ ತಳದ ಜೇಡಿಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುದರಿಂದ ಕಥೆ ಶುರು. ಮಣ್ಣಿನ ಮೇಲೆ ಮಣ್ಣು ಕೂತು ಹೂತುಹೋದಂತೆ, ಬಿಸಿ ಏರಿದಂತೆ, ಜೇಡಿಯ ಖನಿಜಗಳು ಬಿಳಿ ಅಭ್ರಕವಾಗಿ ಮಾರ್ಪಡುತ್ತವೆ. ಕಲ್ಲು ಕರಗದೆ, ಗಟ್ಟಿಯಾಗಿದ್ದುಕೊಂಡೇ, ಒತ್ತಡ ಮತ್ತು ಬಿಸಿಗೆ ತನ್ನ ಖನಿಜಗಳನ್ನು ಬದಲಾಯಿಸಿಕೊಳ್ಳುವುದನ್ನೇ ರೂಪಾಂತರ ಎನ್ನುವುದು. ನಮ್ಮ ಕಡೆ ಹಳ್ಳಿಗಳಲ್ಲಿ ಕಾಗೆಬಂಗಾರ ಎಂದು ಮಕ್ಕಳು ಆರಿಸಿಕೊಳ್ಳುವ ಆ ಹೊಳೆಯುವ ಹಾಳೆಗಳ ಒಳಗೆ ಬೋರಾನ್ ಸ್ವಲ್ಪ ಸ್ವಲ್ಪವೇ ಅಡಗಿ ಕೂರುತ್ತದೆ. ಅಭ್ರಕದಲ್ಲಿ ಹಿಡಿಸದಷ್ಟಾದರೆ ಟೂರ್ಮಲೀನ್ ಎಂಬ ಖನಿಜ ಹುಟ್ಟುತ್ತದೆ.

ಟೂರ್ಮಲೀನನ್ನು ಬೋರಾನಿನ ಭದ್ರ ಪೆಟ್ಟಿಗೆ ಎನ್ನಬಹುದು. ಅದರ ತೂಕದಲ್ಲಿ ನೂರಕ್ಕೆ ಸುಮಾರು ಹತ್ತು ಭಾಗ ಬೋರಾನ್ ಆಕ್ಸೈಡ್. ಕರ್ನಾಟಕದಲ್ಲಿ ಬಿಳಿಯ ದಪ್ಪ ಹರಳಿನ ಪೆಗ್ಮಟೈಟ್ ಸಿರೆಗಳು ಕಂಡಲ್ಲಿ ಕರಿಯ ಟೂರ್ಮಲೀನ್ ಕಡ್ಡಿಗಳು ಸಿಗುವುದುಂಟು. ಅಡ್ಡ ಮುರಿದರೆ ಉಬ್ಬಿದ ಮುಮ್ಮೂಲೆಯ ಆಕಾರ, ಮೈಮೇಲೆ ಉದ್ದಕ್ಕೂ ಗೀರುಗಳು. ಸೋಡಿಯಂ, ಮೆಗ್ನೀಷಿಯಂ, ಕಬ್ಬಿಣ, ಅಲ್ಯೂಮಿನಿಯಂ, ಸಿಲಿಕಾನ್, ಕೊಂಚ ನೀರು, ಬೋರಾನ್ ಹೀಗೆ ಸಿಕ್ಕಿದ್ದನ್ನೆಲ್ಲ ಒಳಗೆ ಸೇರಿಸಿಕೊಳ್ಳುವ ಉದಾರ ಖನಿಜ ಅದು. ಮಣ್ಣು ಆಗತಾನೇ ಕಲ್ಲಾಗುವ ಕಡಿಮೆ ಬಿಸಿಯಿಂದ ಹಿಡಿದು 800 ಡಿಗ್ರಿಯ ಹತ್ತಿರದವರೆಗೂ ಅದು ಗಟ್ಟಿಯಾಗಿ ನಿಲ್ಲುತ್ತದೆ. ಜಗತ್ತಿನ ರೂಪಾಂತರ ಶಿಲೆಗಳಲ್ಲಿ ಬೋರಾನ್ ಎಂದರೆ ಬಹುಪಾಲು ಟೂರ್ಮಲೀನ್ ಎಂದೇ ಅರ್ಥ. ಆ ಪೆಟ್ಟಿಗೆ ಒಡೆದ ಮೇಲೆ ಏನಾಗುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಗ್ರಾನ್ಯುಲೈಟ್ ಎಂಬ ಹೆಸರು ಇಲ್ಲಿ ಬೇಕಾಗುತ್ತದೆ. ಸುಮಾರು 700 ಡಿಗ್ರಿ ದಾಟಿದ ಮೇಲೆ ಕಲ್ಲುಗಳು ತಮ್ಮ ನೀರನ್ನು ಬಿಟ್ಟು ಒಣಗುವ ಹಂತ ಅದು. ನೀರು ಇಟ್ಟುಕೊಂಡಿದ್ದ ಅಭ್ರಕ, ಹಾರ್ನ್‌ಬ್ಲೆಂಡ್‌ಗಳು ಹೋಗಿ ನೀರಿಲ್ಲದ ಪೈರಾಕ್ಸೀನ್, ಗಾರ್ನೆಟ್‌ಗಳು ಬರುತ್ತವೆ. ಇದನ್ನು ಪುಸ್ತಕದಲ್ಲಿ ಓದಬೇಕಾಗಿಲ್ಲ. ಕನಕಪುರ ತಾಲ್ಲೂಕಿನ ಕಬ್ಬಾಳದಲ್ಲಿ ನೈಸ್ ಎಂಬ ಪಟ್ಟೆಪಟ್ಟೆಯ ಬೂದು ಬಣ್ಣದ ರೂಪಾಂತರ ಶಿಲೆಯ ನಡುನಡುವೆ ಹಸಿರುಗಪ್ಪು ಮಚ್ಚೆಗಳು ಹರಡಿರುವುದನ್ನು ಕಣ್ಣಿಂದ ನೋಡಬಹುದು. ಆ ಮಚ್ಚೆಗಳು ಚಾರ್ನೊಕೈಟ್, ಅಂದರೆ ಒಣಗಿದ ಭಾಗ. ಉಳಿದದ್ದು ಇನ್ನೂ ಒಣಗದ ಭಾಗ. ಸುಮಾರು 250 ಕೋಟಿ ವರ್ಷಗಳ ಹಿಂದೆ ಅರ್ಧಕ್ಕೆ ನಿಂತ ಕೆಲಸ ಅದು. ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ಇದನ್ನು ಜಗತ್ತಿಗೆ ತೋರಿಸಿದ ಮೇಲೆ ಕಬ್ಬಾಳ ಭೂವಿಜ್ಞಾನಿಗಳ ಯಾತ್ರಾಸ್ಥಳವಾಯಿತು. ಅಲ್ಲಿ ಬೋರಾನ್ ಖನಿಜಗಳಿವೆ ಎಂದು ನಾನು ಹೇಳುತ್ತಿಲ್ಲ. ಒಣಗುವುದು ಎಂದರೇನು ಎಂದು ಕಾಣಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ, ಅದಕ್ಕೇ ಈ ಮಾತು.

ಹೀಗೆ ಒಣಗುವಾಗ ಬೋರಾನ್ ತಪ್ಪಿಸಿಕೊಳ್ಳುವ ದಾರಿಗಳು ಎರಡು. ಬಿಳಿ ಅಭ್ರಕ ಒಡೆದಾಗ ಹೊರಬಿದ್ದ ನೀರು ಬಿರುಕುಗಳಲ್ಲಿ ಜಾರುತ್ತಾ ಬೋರಾನನ್ನು ಹೊತ್ತೊಯ್ಯುವುದು ಒಂದು. ಎರಡನೆಯದು ಇನ್ನೂ ಪ್ರಬಲ. ನೀರು ಸೇರಿದ ಕಲ್ಲು ಈ ಬಿಸಿಯಲ್ಲಿ ಅಲ್ಲಲ್ಲಿ ಕರಗುತ್ತದೆ, ಹಾಗೆ ಕರಗಿದ್ದು ಗ್ರಾನೈಟಿನ ಪಾಕ. ಬೋರಾನ್ ಸೇರಿದರೆ ಈ ಪಾಕ ಹತ್ತಾರು ಡಿಗ್ರಿ ಕಡಿಮೆ ಬಿಸಿಯಲ್ಲೇ ದ್ರವವಾಗಿರಬಲ್ಲದು, ತೆಳ್ಳಗಾಗಿ ಸುಲಭವಾಗಿ ಹರಿಯಬಲ್ಲದು. ಅಕ್ಕಸಾಲಿಗನ ಬಿಳಿಗಾರ ಬೆಸುಗೆಗೆ ಮಾಡಿದ ಉಪಕಾರವನ್ನು ಬೋರಾನ್ ಇಲ್ಲಿ ಬಂಡೆಗೆ ಮಾಡುತ್ತದೆ. ಪಾಕ ಹಗುರ, ಮೇಲೇರುತ್ತದೆ. ಬೋರಾನ್ ಅದರ ಜೊತೆ ಹೊರಟುಹೋಗುತ್ತದೆ.

ಹೊರಟದ್ದು ಎಲ್ಲಿಗೆ ಹೋಯಿತು ಎಂದು ನೋಡಬೇಕಾದರೆ ಗಂಗೋತ್ರಿಯ ಮೇಲಿನ ಶಿಖರಗಳನ್ನು ನೋಡಿ. ಭಾಗೀರಥಿ ಶಿಖರಗಳೂ ಶಿವಲಿಂಗ ಶಿಖರವೂ ತಿಳಿಬಣ್ಣದ ಗ್ರಾನೈಟಿನವು, ಅದರ ತುಂಬ ಕರಿಯ ಟೂರ್ಮಲೀನ್ ಚುಕ್ಕೆಗಳು. ಸುಮಾರು ಎರಡು ಕೋಟಿ ವರ್ಷಗಳ ಹಿಂದೆ ಹಿಮಾಲಯದ ಆಳದಲ್ಲಿ ಕೆಸರುಗಲ್ಲುಗಳು ಬೆಂದು ಕರಗಿದಾಗ ಹೊರಟ ಪಾಕವೇ ಅಲ್ಲಿ ಹೆಪ್ಪುಗಟ್ಟಿದೆ. ಆಳದಿಂದ ತಪ್ಪಿಸಿಕೊಂಡ ಬೋರಾನ್ ಶಿಖರದ ಮೇಲೆ ಮತ್ತೆ ಟೂರ್ಮಲೀನಾಗಿ ಕೂತಿದೆ. ಬಿಸಿನೀರಿನ ಬುಗ್ಗೆಗಳ ಜೊತೆ ಇನ್ನೂ ಮೇಲೆ ಬಂದ ಬೋರಾನ್ ಲಡಾಖಿನ ಪುಗಾ ಕಣಿವೆಯಲ್ಲಿ ನೆಲದ ಮೇಲೆ ಬಿಳಿಗಾರವಾಗಿಯೇ ಹರಡಿದೆ. ನಮ್ಮ ಅಕ್ಕಸಾಲಿಗರ ಬಿಳಿಗಾರ, ಆಯುರ್ವೇದದ ಟಂಕಣ, ಹಿಂದಿನ ಕಾಲದಲ್ಲಿ ಬರುತ್ತಿದ್ದದ್ದು ಟಿಬೆಟ್, ಲಡಾಖಿನ ಇಂಥ ನೆಲೆಗಳಿಂದಲೇ.

ಈಗ ಓಡಿಹೋಗದೆ ಉಳಿಯಲು ಏನೇನು ಕೂಡಿಬರಬೇಕು ಎಂದು ಯೋಚಿಸಿ. ಮೊದಲನೆಯದಾಗಿ ಕಲ್ಲಿನಲ್ಲಿ ಬೋರಾನ್ ಶುರುವಿನಲ್ಲೇ ವಿಪರೀತ ಇರಬೇಕು. ಟನ್ನಿಗೆ ನೂರು ಗ್ರಾಂ ಸಾಲದು, ಸಾವಿರಗಟ್ಟಲೆ ಗ್ರಾಂ ಬೇಕು, ಹೋದದ್ದು ಹೋಗಿ ಮಿಗುವಷ್ಟು. ಅದು ಬೇಗನೇ ಟೂರ್ಮಲೀನಿನ ಪೆಟ್ಟಿಗೆಯೊಳಗೆ ಸೇರಿಕೊಂಡಿರಬೇಕು. ಅಭ್ರಕದಲ್ಲಿ ಮಾತ್ರ ಇದ್ದಿದ್ದರೆ ಅಭ್ರಕ ಒಡೆದ ಕೂಡಲೇ ಕೈಬಿಟ್ಟುಹೋಗುತ್ತಿತ್ತು. ಆಮೇಲೆ ಪೆಟ್ಟಿಗೆ ಒಡೆಯುವಷ್ಟು ಬಿಸಿ ಏರಬೇಕು. ಆದರೆ ಒಡೆಯುವ ಹೊತ್ತಿಗೆ ಸುತ್ತ ಹರಿಯುವ ನೀರು ಹೆಚ್ಚು ಇರಬಾರದು, ಕರಗಿದ ಪಾಕವೂ ಕಡಿಮೆ ಇರಬೇಕು ಇಲ್ಲವೇ ಹುಟ್ಟಿದಲ್ಲೇ ಸಿಕ್ಕಿಹಾಕಿಕೊಂಡಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕಥೆ ಮುಗಿಯಿತು. ಬಿಸಿ ಸಾಲದಿದ್ದರೆ ಟೂರ್ಮಲೀನೇ ಉಳಿಯುತ್ತದೆ. ಪಾಕ ಹೆಚ್ಚಾದರೆ ಏನೂ ಉಳಿಯುವುದಿಲ್ಲ.

ಎಲ್ಲ ಕೂಡಿಬಂದಾಗ ನಡೆಯುವುದು ಹೀಗೆ. ಟೂರ್ಮಲೀನ್ ತನ್ನ ಪಕ್ಕದ ಅಭ್ರಕ, ಬೆಣಚು, ಸಿಲಿಮನೈಟ್‌ಗಳ (ಅಲ್ಯೂಮಿನಿಯಂ, ಸಿಲಿಕಾನ್ ಸೇರಿದ ಖನಿಜ) ಜೊತೆ ಪ್ರತಿಕ್ರಿಯಿಸಿ ಒಡೆಯುತ್ತದೆ. ಅದರಲ್ಲಿದ್ದ ಸೋಡಿಯಂ ಫೆಲ್ಡ್‌ಸ್ಪಾರಿಗೋ ಪಾಕಕ್ಕೋ ಸೇರುತ್ತದೆ. ನೀರು ಪಾಕದ ಪಾಲಾಗುತ್ತದೆ. ಹಿಂದೆ ಉಳಿದ ಮೆಗ್ನೀಷಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಮತ್ತು ಬೋರಾನ್ ಒಂದಾಗಿ ಹೊಸ ಹರಳು ಕಟ್ಟುತ್ತವೆ. ಯಾವ ಹರಳು ಎಂಬುದನ್ನು ನಿರ್ಧರಿಸುವುದು ಆ ಕಲ್ಲಿನ ಅಡುಗೆ ಸಾಮಾನು. ಮೆಗ್ನೀಷಿಯಂ ಧಾರಾಳವಾಗಿದ್ದರೆ ಪ್ರಿಸ್ಮಟೈನ್ ಅಥವಾ ಕಾರ್ನೆರುಪೈನ್. ಅಲ್ಯೂಮಿನಿಯಂ ಪಾಲು ಹೆಚ್ಚಿದ್ದರೆ ಹಸಿರುನೀಲಿಯ ಗ್ರ್ಯಾಂಡಿಡಿಯರೈಟ್. ಮೆಗ್ನೀಷಿಯಂ ಇನ್ನೂ ಕಡಿಮೆಯಾಗಿ ಅಲ್ಯೂಮಿನಿಯಂ ತುಂಬಿದ್ದರೆ ವರ್ಡಿಂಗೈಟ್. ಮೆಗ್ನೀಷಿಯಮ್ಮೇ ಇಲ್ಲದೆ ಅಲ್ಯೂಮಿನಿಯಂ, ಬೋರಾನ್, ಸಿಲಿಕಾನ್ ಮೂರೇ ಇದ್ದರೆ ಬೊರಾಲ್ಸಿಲೈಟ್. ಅಮೃತಶಿಲೆಯ ಅಂಚಿನಲ್ಲಿ, ಕ್ಯಾಲ್ಸಿಯಂ ಸಿಗುವ ಕಡೆ ಸೆರೆಂಡಿಬೈಟ್. ಮೆಗ್ನೀಷಿಯಂ ಇದ್ದೂ ಸಿಲಿಕಾ ಕೊರತೆಯಾದ ಕಡೆ ಸಿಂಹಲೈಟ್.

ಈ ಸಾಲಿನಲ್ಲಿ ಒಂದು ಕ್ರಮ ಕಾಣುತ್ತದೆ. ಟೂರ್ಮಲೀನಿನ ತೂಕದಲ್ಲಿ ನೂರಕ್ಕೆ ಮೂರರ ಮೇಲೆ ನೀರು, ಹತ್ತು ಭಾಗ ಬೋರಾನ್ ಆಕ್ಸೈಡ್. ಪ್ರಿಸ್ಮಟೈನಿನಲ್ಲಿ ನೀರು ಒಂದರ ಆಸುಪಾಸಿಗೆ ಇಳಿಯುತ್ತದೆ. ಗ್ರ್ಯಾಂಡಿಡಿಯರೈಟಿನ ರಚನೆಯಲ್ಲಿ ನೀರಿಗೆ ಜಾಗವೇ ಇಲ್ಲ, ಬೋರಾನ್ ಆಕ್ಸೈಡ್ 12. ಬೊರಾಲ್ಸಿಲೈಟಿನಲ್ಲೂ ನೀರಿಲ್ಲ, ಬೋರಾನ್ ಆಕ್ಸೈಡ್ 18. ಕುಲುಮೆ ಒಣಗಿದಷ್ಟೂ ಹರಳು ಒಣಗುತ್ತದೆ. ಬಿಳಿಗಾರ ಅರಳಿ ನೀರು ಬಿಟ್ಟಿದ್ದು ನೆನಪಿದೆಯಲ್ಲ, ಅದೇ ಪಾಠವನ್ನು ಭೂಮಿ ಲಕ್ಷಾಂತರ ವರ್ಷ ತೆಗೆದುಕೊಂಡು ಮಾಡುತ್ತದೆ.

ಹರಳಿನ ಒಳಗೆ ಬೋರಾನ್ ಹೇಗೆ ಕೂರುತ್ತದೆ ಎಂಬುದೂ ಸೊಗಸಾದ ವಿಷಯ. ಅದಕ್ಕೆ ಎರಡು ಆಸನ. ಮೂರು ಆಮ್ಲಜನಕಗಳ ನಡುವೆ ಚಪ್ಪಟೆ ತ್ರಿಕೋನವಾಗಿ ಕೂರಬಹುದು, ಇಲ್ಲವೇ ನಾಲ್ಕು ಆಮ್ಲಜನಕಗಳ ನಡುವೆ, ಸಿಲಿಕಾನ್ ಕೂರುವ ಹಾಗೆಯೇ, ನಾಲ್ಕು ಮುಖದ ಗೋಪುರವಾಗಿ ಕೂರಬಹುದು. ಟೂರ್ಮಲೀನ್, ಗ್ರ್ಯಾಂಡಿಡಿಯರೈಟ್‌ಗಳಲ್ಲಿ ತ್ರಿಕೋನದ ಆಸನ. ಪ್ರಿಸ್ಮಟೈನಿನಲ್ಲಿ ಗೋಪುರದ ಆಸನ. ವರ್ಡಿಂಗೈಟ್, ಬೊರಾಲ್ಸಿಲೈಟ್‌ಗಳಲ್ಲಿ ಎರಡೂ ಉಂಟು. ಈ ಕೊನೆಯ ಎರಡು ಖನಿಜಗಳ ಮೈಕಟ್ಟು ಸಿಲಿಮನೈಟ್ ಮತ್ತು ಮುಲೈಟ್‌ಗಳಿಗೆ ಹತ್ತಿರ. ಮುಲೈಟ್ ಎಂದರೆ ಪಿಂಗಾಣಿ ಸುಡುವ ಭಟ್ಟಿಯಲ್ಲಿ ಜೇಡಿಮಣ್ಣು ಬೆಂದಾಗ ಹುಟ್ಟುವ ಖನಿಜ. ಅಲ್ಯೂಮಿನಿಯಮ್ಮಿನ ಉದ್ದುದ್ದ ಸರಪಳಿಗಳು, ಅವುಗಳ ನಡುವೆ ಕೊಂಡಿಯಂತೆ ಸಿಲಿಕಾನ್. ಬಿಸಿ ಬಹಳ ಏರಿದರೆ ಆ ಕೊಂಡಿಯ ಜಾಗಕ್ಕೆ ಬೋರಾನ್ ನುಸುಳುತ್ತದೆ. ಆಸ್ಟ್ರೇಲಿಯಾದ ನಟ್ಟನಡುವಿನ ಮೌಂಟ್ ಸ್ಟಾಫರ್ಡ್ ಎಂಬಲ್ಲಿ ಸಿಲಿಮನೈಟಿನ ಜೊತೆ ಹೆಣೆದುಕೊಂಡೇ ಇದ್ದ ಬೊರೊಮುಲೈಟ್ ಎಂಬ ಖನಿಜವನ್ನು 2008ರಲ್ಲಿ ಹೆಸರಿಸಿದರು. ಹೊರಗಿನಿಂದ ನೋಡಿದರೆ ಅದು ಸಿಲಿಮನೈಟೇ. ಹೊಸ ಖನಿಜ ಹಳೆಯದರ ವೇಷದಲ್ಲಿ ಕೂತಿತ್ತು.

ಬೋರಾನ್ ಖನಿಜಗಳ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ನಡೆದಿದೆ. ಗ್ರೀನ್‌ಲ್ಯಾಂಡಿನಲ್ಲಿ ಸಿಕ್ಕ ಖನಿಜಕ್ಕೆ, 24ನೇ ವಯಸ್ಸಿಗೇ ತೀರಿಹೋದ ಡೆನ್ಮಾರ್ಕಿನ ಭೂವಿಜ್ಞಾನಿ ಆಂದ್ರಿಯಾಸ್ ಕಾರ್ನೆರುಪ್ ನೆನಪಿಗೆ 1884ರಲ್ಲಿ ಕಾರ್ನೆರುಪೈನ್ ಎಂದು ಹೆಸರಿಟ್ಟರು. ಆಗಿನ ರಾಸಾಯನಿಕ ವಿಶ್ಲೇಷಣೆಯಲ್ಲಿ ಮೆಗ್ನೀಷಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಮಾತ್ರ ಕಂಡವು, ಬೋರಾನ್ ಇದೆ ಎಂದು ಯಾರಿಗೂ ಹೊಳೆಯಲಿಲ್ಲ. ಎರಡು ವರ್ಷದ ಮೇಲೆ ಜರ್ಮನಿಯ ಸ್ಯಾಕ್ಸನಿಯ ವಾಲ್ಡ್‌ಹೈಮ್‌ನಲ್ಲಿ ಸಿಕ್ಕದ್ದಕ್ಕೆ ಪ್ರಿಸ್ಮಟೈನ್ ಎಂದರು. ಎರಡೂ ಒಂದೇ ಮನೆತನದವು ಎಂದು ಗೊತ್ತಾಯಿತು, ಬೋರಾನೂ ಸಿಕ್ಕಿತು. ಇವತ್ತಿನ ಲೆಕ್ಕದಲ್ಲಿ ಬೋರಾನಿಗೆ ಮೀಸಲಾದ ಜಾಗ ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಪ್ರಿಸ್ಮಟೈನ್, ಕಡಿಮೆಯಿದ್ದರೆ ಕಾರ್ನೆರುಪೈನ್. ಸಿಂಹಲೈಟಿನದು ಇನ್ನೂ ವಿಚಿತ್ರ. ಶ್ರೀಲಂಕಾದ ರತ್ನದ ಹೊಂಡಗಳಿಂದ ಬಂದ ಕಂದು ಕಲ್ಲನ್ನು ದಶಕಗಳ ಕಾಲ ಕಂದು ಪೆರಿಡಾಟ್ ಎಂದೇ ಮಾರಿದರು. 1952ರಲ್ಲಿ ಲಂಡನ್ನಿನಲ್ಲಿ ಕ್ಷಕಿರಣ ಪರೀಕ್ಷೆಯಾದಾಗ ತಿಳಿದದ್ದು ಏನೆಂದರೆ, ಪೆರಿಡಾಟಿನ ಮೈಕಟ್ಟೇ ಹೌದು, ಆದರೆ ಸಿಲಿಕಾನ್ ಕೂರಬೇಕಾದಲ್ಲೆಲ್ಲ ಬೋರಾನ್ ಕೂತಿದೆ.

ಇತ್ತೀಚಿನವರೆಗೂ ಬೋರಾನ್ ಕಣ್ತಪ್ಪುತ್ತಿದ್ದುದಕ್ಕೆ ಕಾರಣವಿದೆ. ಖನಿಜದ ಒಳಗಿನ ಮೂಲವಸ್ತುಗಳನ್ನು ಗುರುತಿಸಲು ಅದಕ್ಕೆ ಎಲೆಕ್ಟ್ರಾನ್ ಕಿರಣ ಹಾಯಿಸಿ ಹೊರಬರುವ ಕ್ಷಕಿರಣವನ್ನು ಅಳೆಯುವುದು ರೂಢಿ. ಬೋರಾನ್ ತೀರ ಹಗುರ, ಅದರಿಂದ ಹೊರಡುವ ಕ್ಷಕಿರಣ ಬಹಳ ಕ್ಷೀಣ. ಕಬ್ಬಿಣ ಕೂಗಿ ಹೇಳುವುದನ್ನು ಬೋರಾನ್ ಪಿಸುಗುಟ್ಟುತ್ತದೆ. ಒಳ್ಳೆಯ ಉಪಕರಣಗಳು ಬಂದ ಮೇಲೆಯೇ ಈ ಪಿಸುಮಾತು ಕೇಳಿಸಿದ್ದು.

ಸೆರೆಂಡಿಬೈಟಿನ ಹೆಸರು ಬಂದಾಗ ಒಬ್ಬರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಸಿಂಹಳದ ಹಳೆಯ ಅರಬ್ಬೀ ಹೆಸರಾದ ಸೆರೆಂದಿಬ್‌ನಿಂದ ಹೆಸರು ಪಡೆದ ಈ ನೀಲಿ ಖನಿಜವನ್ನು 1903ರಲ್ಲಿ ವಿವರಿಸಿದ ಇಬ್ಬರಲ್ಲಿ ಒಬ್ಬರು ಆನಂದ ಕುಮಾರಸ್ವಾಮಿ. ಹೌದು, ನಟರಾಜನ ನೃತ್ಯದ ಅರ್ಥವನ್ನು ಜಗತ್ತಿಗೆ ಬಿಡಿಸಿಟ್ಟ ಕಲಾಮೀಮಾಂಸಕ ಕುಮಾರಸ್ವಾಮಿಯವರೇ. ಅವರು ಓದಿದ್ದು ಭೂವಿಜ್ಞಾನ, ಸಿಂಹಳದ ಖನಿಜ ಸಮೀಕ್ಷೆಯ ಮೊದಲ ನಿರ್ದೇಶಕರೂ ಆಗಿದ್ದರು. ಅಮೃತಶಿಲೆಯೂ ಗ್ರಾನ್ಯುಲೈಟೂ ಕೂಡುವ ಅಂಚಿನಲ್ಲಿ ನೀಲಿ ಕಾಳುಗಳನ್ನು ಗಮನಿಸಿದ ಕಣ್ಣುಗಳೇ ಮುಂದೆ ಕಂಚಿನ ವಿಗ್ರಹಗಳನ್ನು ನೋಡಿದವು. ಕನ್ನಡದಲ್ಲಿ ಅವರ ಕಲಾವಿಚಾರಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಈ ಕಲ್ಲಿನ ಬಗ್ಗೆಯೂ ಒಂದು ಸಾಲು ಸೇರಬೇಕು ಎಂದು ನನ್ನ ಆಸೆ.

ಇನ್ನು ಈ ಖನಿಜಗಳ ಅತಿ ದೊಡ್ಡ ನೆಲೆಯೊಂದಕ್ಕೆ ಹೋಗೋಣ. ಪೂರ್ವ ಅಂಟಾರ್ಕ್ಟಿಕಾದ ಕರಾವಳಿಯಲ್ಲಿ ಹಿಮ ಸರಿದು ಬಂಡೆ ಬಯಲಾಗಿರುವ ಲಾರ್ಸ್‌ಮನ್ ಬೆಟ್ಟಗಳಿವೆ. ಭಾರತದ ಮೂರನೆಯ ಅಂಟಾರ್ಕ್ಟಿಕ್ ನೆಲೆಯಾದ ‘ಭಾರತಿ’ 2012ರಿಂದ ಕೆಲಸ ಮಾಡುತ್ತಿರುವುದು ಇಲ್ಲೇ. ಅದರ ಪಶ್ಚಿಮಕ್ಕೆ ಕೊಲ್ಲಿಯಾಚೆ ಸ್ಟೋರ್ನೆಸ್ ಎಂಬ ಚಾಚಿದ ಭೂಭಾಗ. ಸುಮಾರು 15 ಕಿಲೋಮೀಟರ್ ಉದ್ದ, 5 ಕಿಲೋಮೀಟರ್ ಅಗಲದ ಹರವಿನಲ್ಲಿ ಲಾರ್ಸ್‌ಮನ್ ಬೆಟ್ಟಗಳಲ್ಲಿ ಬೋರಾನ್ ಮತ್ತು ರಂಜಕ ತುಂಬಿದ ನೈಸ್ ಬಂಡೆಗಳು ಹರಡಿವೆ. ಸೆಂಟಿಮೀಟರ್ ಗಾತ್ರದ ಪ್ರಿಸ್ಮಟೈನ್ ಹರಳುಗಳು ಬಂಡೆಯ ಮೇಲೇ ಕಾಣುತ್ತವೆ. ಅತಿ ಸಮೃದ್ಧ ಪದರಗಳಲ್ಲಿ ಬೋರಾನ್ ಟನ್ನಿಗೆ ಸುಮಾರು 20 ಕಿಲೋವರೆಗೂ ಇದೆ. ತೊಗಟೆಯ ತಳದಲ್ಲಿ ಸರಾಸರಿ 2 ಗ್ರಾಂ ಎಂದೆನಲ್ಲ, ಅದರ ಪಕ್ಕದಲ್ಲಿ ಈ 20 ಕಿಲೋ ಇಟ್ಟು ನೋಡಿ.

ಬೊರಾಲ್ಸಿಲೈಟ್ ಎಂಬ ಖನಿಜವನ್ನು 1998ರಲ್ಲಿ ಜಗತ್ತಿಗೆ ಪರಿಚಯಿಸಿದ್ದು ಇಲ್ಲಿಯ ಮತ್ತು ನಾರ್ವೆಯ ರೋಗಲ್ಯಾಂಡ್ ಪ್ರದೇಶದ ಮಾದರಿಗಳಿಂದ. ಅದರ ಹಿಂದೆ ಅಮೆರಿಕದ ಮೇನ್ ವಿಶ್ವವಿದ್ಯಾಲಯದ ಎಡ್ವರ್ಡ್ ಗ್ರೂ ಮತ್ತು ಜೊತೆಗಾರರ ದುಡಿಮೆಯಿದೆ. ಇಲ್ಲಿ ಬೊರಾಲ್ಸಿಲೈಟ್ ಕಾಣುವುದು ಪೆಗ್ಮಟೈಟ್ ಸಿರೆಗಳಲ್ಲಿ. ಬೋರಾನ್ ತುಂಬಿದ ನೈಸ್ ಸ್ವಲ್ಪ ಕರಗಿ, ಆ ಪಾಕ ದೂರ ಹೋಗದೆ ಹತ್ತಿರದಲ್ಲೇ ಹೆಪ್ಪುಗಟ್ಟಿದ ಸಿರೆಗಳು ಅವು. ತಪ್ಪಿಸಿಕೊಳ್ಳಲು ಹೊರಟ ಬೋರಾನ್ ಹೊಸ್ತಿಲಲ್ಲೇ ಸಿಕ್ಕಿಬಿದ್ದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅಷ್ಟು ಬೋರಾನ್ ಮೊದಲಿಗೆ ಎಲ್ಲಿಂದ ಬಂತು? ಇದನ್ನು ಕೇಳಲು ಬೋರಾನಿನಲ್ಲೇ ಒಂದು ಉಪಾಯವಿದೆ. ಬೋರಾನಿಗೆ 10 ಮತ್ತು 11 ತೂಕದ ಎರಡು ಸಮಸ್ಥಾನಿಗಳು, ಅಂದರೆ ತೂಕ ಮಾತ್ರ ಬೇರೆಯಾದ ಎರಡು ಬಗೆಯ ಪರಮಾಣುಗಳು, ಹೆಚ್ಚುಕಡಿಮೆ ಒಂದು ಪಾಲು ಹಗುರದ್ದಕ್ಕೆ ನಾಲ್ಕು ಪಾಲು ಭಾರದ್ದು. ಸಮುದ್ರದ ನೀರಿನ ಬೋರಾನಿನಲ್ಲಿ ಭಾರದ್ದರ ಪಾಲು ಎದ್ದುಕಾಣುವಷ್ಟು ಹೆಚ್ಚು. ಸಮುದ್ರದ ಸಂಪರ್ಕವಿಲ್ಲದ ಉಪ್ಪಿನ ಸರೋವರಗಳಲ್ಲಿ, ಬಿಸಿನೀರಿನ ಬುಗ್ಗೆಗಳಿಂದ ಬಂದ ಬೋರಾನಿನಲ್ಲಿ ಅಷ್ಟಿಲ್ಲ. ಹರಳಿನ ಆಸನವೂ ಲೆಕ್ಕಕ್ಕೆ ಬರುತ್ತದೆ. ಭಾರದ ಬೋರಾನಿಗೆ ತ್ರಿಕೋನದ ಆಸನ ಇಷ್ಟ, ಹಗುರದ್ದಕ್ಕೆ ಗೋಪುರದ್ದು. ಹಾಗಾಗಿ ಒಂದೇ ಬಂಡೆಯಲ್ಲಿ ಟೂರ್ಮಲೀನೂ ಪ್ರಿಸ್ಮಟೈನೂ ಜೊತೆಗಿದ್ದರೆ ಟೂರ್ಮಲೀನಿನದು ತುಸು ಭಾರದ ಕಡೆ ವಾಲುತ್ತದೆ. ಈ ವ್ಯತ್ಯಾಸವನ್ನು ಕಳೆದು ಲಾರ್ಸ್‌ಮನ್ ಬೆಟ್ಟಗಳ ಹರಳುಗಳನ್ನು ಅಳೆದ ಅಧ್ಯಯನ 2013ರಲ್ಲಿ ಬಂತು. ಅದು ಬೆರಳು ತೋರಿಸಿದ್ದು ಸಮುದ್ರದ ಕಡೆಗಲ್ಲ, ನೆಲದ ಮೇಲಿನ, ಆವಿಯಾಗಿ ಉಳಿದ ಬೋರಾನ್ ಲವಣಗಳ ಕಡೆಗೆ.

ಹಾಗೆಂದರೆ ಸುಮಾರು ನೂರು ಕೋಟಿ ವರ್ಷಗಳ ಹಿಂದೆ, ಜ್ವಾಲಾಮುಖಿಗಳ ಸಾಲಿನ ಒಳಮಗ್ಗುಲಿನ ತಗ್ಗಿನಲ್ಲಿ ಇಂಥ ಲವಣಗಳು ಕೂತಿದ್ದವು, ಆಮೇಲೆ ಬಿಸಿನೀರು ಆ ಲವಣಗಳನ್ನು ಕರಗಿಸಿ ಸುತ್ತಲಿನ ಕೆಸರಿಗೆ ಹೊತ್ತು ತಂದು ಟೂರ್ಮಲೀನಾಗಿ ಬಿತ್ತಿತು ಎಂದು ಚಿತ್ರ ಮೂಡುತ್ತದೆ. ನಾನು ಇದನ್ನು ಓದುವಾಗೆಲ್ಲ ಕಣ್ಣೆದುರು ಬರುವುದು ಪುಗಾ ಕಣಿವೆಯ ಬಿಳಿ ನೆಲ, ಅಲ್ಲಿ ಏಳುವ ಹಬೆ. ಅಂಥ ಒಂದು ಕಣಿವೆ ಹೂತು ಇಪ್ಪತ್ತು ಕಿಲೋಮೀಟರಿಗೂ ಆಳಕ್ಕೆ ಇಳಿದು, ಸುಮಾರು 53 ಕೋಟಿ ವರ್ಷಗಳ ಹಿಂದೆ 800 ಡಿಗ್ರಿಯಲ್ಲಿ ಬೆಂದು, ಮತ್ತೆ ಮೇಲೆ ಬಂದು ಹಿಮದ ಅಂಚಿನಲ್ಲಿ ನಿಂತಿದೆ ಎಂದುಕೊಂಡರೆ ಮೈ ನವಿರೇಳುತ್ತದೆ.

ಆ 53 ಕೋಟಿ ವರ್ಷದ ಹಿಂದಿನ ಬೇಗೆ ನಮಗೂ ಹೊಸತಲ್ಲ. ಆ ಕಾಲದಲ್ಲಿ ಮಡಗಾಸ್ಕರ್, ಶ್ರೀಲಂಕಾ, ಕೇರಳ ತಮಿಳುನಾಡುಗಳ ನೆಲ, ಪೂರ್ವ ಅಂಟಾರ್ಕ್ಟಿಕಾ ಒಟ್ಟಿಗೆ ಕೂಡಿ ಗೊಂಡ್ವಾನ ಎಂಬ ಮಹಾಖಂಡವಾಗುತ್ತಿದ್ದವು. ಖಂಡಗಳು ಒತ್ತಿಕೊಂಡ ಆ ಹೊಲಿಗೆಯುದ್ದಕ್ಕೂ ಕಲ್ಲುಗಳು ಗ್ರಾನ್ಯುಲೈಟಿನ ಬಿಸಿಗೆ ಬೆಂದವು. ಫ್ರಾನ್ಸಿನ ಆಲ್ಫ್ರೆಡ್ ಲಾಕ್ರ್ವಾ 1902ರಲ್ಲಿ ಗ್ರ್ಯಾಂಡಿಡಿಯರೈಟನ್ನು ವಿವರಿಸಿದ್ದು ದಕ್ಷಿಣ ಮಡಗಾಸ್ಕರಿನ ಆಂಡ್ರಹೊಮಾನದಿಂದ, ಸೆರೆಂಡಿಬೈಟ್ ಸಿಂಹಳದಿಂದ, ಕಾರ್ನೆರುಪೈನ್ ದಕ್ಷಿಣ ಭಾರತದಲ್ಲೂ ಉಂಟು. ನಕ್ಷೆಯಲ್ಲಿ ಇವತ್ತು ಸಾವಿರಾರು ಕಿಲೋಮೀಟರ್ ದೂರವಿರುವ ಈ ಊರುಗಳು ಆಗ ಒಂದೇ ಕುಲುಮೆಯ ಸುತ್ತಮುತ್ತಲಿನವು. ಅಂಟಾರ್ಕ್ಟಿಕಾದಲ್ಲಿ ಬೊರಾಲ್ಸಿಲೈಟ್ ಕಂಡ ಎಡ್ವರ್ಡ್ ಗ್ರೂ ಅವರೇ ದಕ್ಷಿಣ ಭಾರತದ ಚಾರ್ನೊಕೈಟ್ ಸೀಮೆಯ ಕಾರ್ನೆರುಪೈನಿನ ಬಗ್ಗೆ 1982ರಲ್ಲಿ ದೀರ್ಘ ಲೇಖನ ಬರೆದಿದ್ದರು. ಅದು ಪ್ರಕಟವಾದದ್ದು ಬೆಂಗಳೂರಿನಿಂದ ಹೊರಡುವ ಭಾರತೀಯ ಭೂವೈಜ್ಞಾನಿಕ ಸಂಘದ ನಿಯತಕಾಲಿಕದಲ್ಲಿ.

ಕುಲುಮೆ ಆರುವಾಗ ಏನಾಗುತ್ತದೆ ಎಂಬುದನ್ನು ಹೇಳಿ ನಿಲ್ಲಿಸುತ್ತೇನೆ, ಈ ಖನಿಜಗಳು ಇಷ್ಟು ಅಪರೂಪವಾಗಲು ಅದೂ ಒಂದು ಕಾರಣ. ಬಂಡೆ ಮೇಲೇರುತ್ತಾ ತಣ್ಣಗಾದಂತೆ, ಅದರೊಳಗೆ ಸಿಕ್ಕಿಕೊಂಡಿದ್ದ ಪಾಕವೂ ಹರಳುಗಟ್ಟುತ್ತದೆ. ಹರಳುಗಟ್ಟುವಾಗ ಪಾಕ ತಾನು ಹೀರಿಕೊಂಡಿದ್ದ ನೀರನ್ನು ಬಿಟ್ಟುಕೊಡುತ್ತದೆ. ಆ ನೀರು ಪ್ರಿಸ್ಮಟೈನ್, ಗ್ರ್ಯಾಂಡಿಡಿಯರೈಟ್, ಬೊರಾಲ್ಸಿಲೈಟ್‌ಗಳ ಅಂಚನ್ನು ಮುಟ್ಟಿದರೆ ಅವು ನಿಲ್ಲಲಾರದೆ ಮತ್ತೆ ನೀರು ಸೇರಿದ ಖನಿಜಗಳಾಗುತ್ತವೆ. ಕಲ್ಲನ್ನು ಕಾಗದದಷ್ಟು ತೆಳ್ಳಗೆ ಅರೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನಡುವೆ ಪ್ರಿಸ್ಮಟೈನಿನ ಒಂದು ತುಣುಕು, ಅದರ ಸುತ್ತ ಅಂಚಿನಿಂದ ಒಳಕ್ಕೆ ತಿನ್ನುತ್ತಾ ಬಂದ ಹೊಸ ಟೂರ್ಮಲೀನಿನ ಪಟ್ಟಿ ಕಾಣುವುದುಂಟು. ನೀರು ಇನ್ನಷ್ಟು ಬಂದಿದ್ದರೆ ಆ ತುಣುಕೂ ಉಳಿಯುತ್ತಿರಲಿಲ್ಲ. ಬಂಡೆಯಲ್ಲಿ ಬರೀ ಟೂರ್ಮಲೀನ್ ಕಾಣುತ್ತಿತ್ತು, ಅದು 800 ಡಿಗ್ರಿಯನ್ನು ಕಂಡು ಬಂದದ್ದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಸ್ಟೋರ್ನೆಸ್‌ನಲ್ಲಿ ಅಂಥ ತುಣುಕುಗಳು ಧಾರಾಳವಾಗಿ ಉಳಿದಿವೆ. ಅಂಟಾರ್ಕ್ಟಿಕ್ ಒಪ್ಪಂದದ ರಾಷ್ಟ್ರಗಳು 2014ರಲ್ಲಿ ಆ ಭೂಭಾಗವನ್ನು ಅದರ ಖನಿಜಗಳಿಗಾಗಿಯೇ ವಿಶೇಷ ಸಂರಕ್ಷಿತ ಪ್ರದೇಶವೆಂದು ಘೋಷಿಸಿದವು. ಪರವಾನಗಿ ಇಲ್ಲದೆ ಅಲ್ಲಿಗೆ ಈಗ ಕಾಲಿಡುವಂತಿಲ್ಲ.